ಕಣ್ಣು ಮಿಟುಕಿಸಿ, ಅಷ್ಟೇ

ನಾನು ಜೀವಂತ ಇದ್ದೇನೆ ಎಂಬುದನ್ನು ನನ್ನದೇ ಮೊಬೈಲು ಮೂರು ಸಲ ಒಪ್ಪಲಿಲ್ಲ. 2022ರ ನವೆಂಬರ್ ತಿಂಗಳ ಮಾತಿದು. ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇದ್ದ ನಾಲ್ಕು ಕೂದಲನ್ನು ಬಾಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿದ್ದೆ. ಹೆಂಡತಿ ಎದುರಿಗೆ ಫೋನು ಹಿಡಿದು ನಿಂತು, ತೆರೆಯ ಮೇಲೆ ಬಂದದ್ದನ್ನು ಓದಿ ಹೇಳುತ್ತಿದ್ದಳು. "ರೀ, ಕಣ್ಣ ಮಿಟಕಸ್ರಿ ಅಂತ ಬಂದದ." ನಾನು ಮಿಟುಕಿಸಲಿಲ್ಲ. ಮಿಟುಕಿಸಬಾರದೆಂಬ ಹಟವೇನೂ ಇರಲಿಲ್ಲ. ಕ್ಯಾಮೆರಾ ಎದುರಿಗೆ ಬಂದೊಡನೆ ನನ್ನ ರೆಪ್ಪೆ, ಕತ್ತು, ಉಸಿರು ಎಲ್ಲವೂ ಒಟ್ಟಿಗೇ ಮುಷ್ಕರ ಹೂಡಿಬಿಡುತ್ತವೆ. ಮೂರನೇ ಸಲವೂ ಆಗದಿದ್ದಾಗ ಆಕೆಗೆ ಸಿಟ್ಟು ಬಂತು. "ಅಯ್ಯ, ಪಾಸ್‌ಪೋರ್ಟ್ ಫೋಟೋಕ್ಕ ಕೂತವರಂಗ ಕೂತೀರಲ್ರೀ! ಜೀವಾ ಇರೋ ಮನಷ್ಯಾರಂಗ ಕೂಡ್ರಿ."

ಪಿಂಚಣಿದಾರರಿಗೆ ನವೆಂಬರ್ ಎಂದರೆ ರಾಜ್ಯೋತ್ಸವಕ್ಕಿಂತ ಮೊದಲು ನೆನಪಾಗುವುದು ಜೀವನ ಪ್ರಮಾಣಪತ್ರ. ಹಿಂದೆ ಬ್ಯಾಂಕಿಗೆ ಹೋಗಿ ಅಧಿಕಾರಿಯ ಎದುರಿಗೆ ಸಹಿ ಹಾಕಿ, 'ನಾನಿನ್ನೂ ಇದ್ದೇನೆ' ಎಂದು ತೋರಿಸಿ ಬರಬೇಕಿತ್ತು. 2014ರ ನವೆಂಬರ್‌ನಲ್ಲಿ 'ಜೀವನ್ ಪ್ರಮಾಣ್' ಎಂಬ ಡಿಜಿಟಲ್ ವ್ಯವಸ್ಥೆ ಬಂತು. ಮೊದಮೊದಲು ಬೆರಳಚ್ಚು ಅಥವಾ ಕಣ್ಣಿನ ಪಾಪೆ ತೋರಿಸಬೇಕಿತ್ತು. 2021ರ ನವೆಂಬರ್‌ನಿಂದ ಮನೆಯಲ್ಲೇ ಕೂತು ಫೋನಿಗೆ ಮುಖ ತೋರಿಸಿದರೂ ನಡೆಯುತ್ತದೆ. ಎದುರಿಗಿರುವುದು ಫೋಟೋ ಅಲ್ಲ, ಉಸಿರಾಡುವ ಮನುಷ್ಯ ಎಂದು ತಿಳಿಯಲು ಅದು ಕಣ್ಣು ಮಿಟುಕಿಸಲು ಹೇಳುತ್ತದೆ. ಫೋಟೋ ಮಿಟುಕಿಸುವುದಿಲ್ಲವಲ್ಲ! ಆದರೆ ಕ್ಯಾಮೆರಾ ಕಂಡೊಡನೆ ಫೋಟೋ ಆಗಿಬಿಡುವ ನನ್ನಂಥವರ ಗತಿ ಏನು ಎಂದು ಅದನ್ನು ಮಾಡಿದ ಹುಡುಗರು ಯೋಚಿಸಿದಂತಿಲ್ಲ.

ನಾಲ್ಕನೇ ಸಲ ಹೆಂಡತಿಯ ಮಾತಿಗೆ ನಗು ಬಂತು. ನಕ್ಕಾಗ ಕಣ್ಣು ತಾನೇ ಮಿಟುಕಿತು. ಫೋನು ಒಪ್ಪಿತು.

ಈ ರೋಗ ಹಳೆಯದು. ನಾನು ಹುಟ್ಟಿದ್ದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನಮ್ಮ ಮನೆಯವರೆಲ್ಲ ಸೇರಿ ತೆಗೆಸಿಕೊಂಡ ಫೋಟೋ ಎಂದರೆ ಒಂದೇ ಒಂದು. ಅದಕ್ಕೂ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗಿದ್ದೆವು. ಸ್ಟುಡಿಯೋದವ ಕರಿ ಬಟ್ಟೆಯೊಳಗೆ ತಲೆ ತೂರಿಸಿ, "ಯಾರೂ ಅಳ್ಳಾಡಬ್ಯಾಡ್ರಿ, ಉಸರ ಹಿಡೀರಿ" ಎಂದ. ನಾವೆಲ್ಲ ಉಸಿರು ಹಿಡಿದೆವು. ಒಂಬತ್ತು ವರ್ಷದ ನಾನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಆ ಫೋಟೋದಲ್ಲಿ ನನ್ನ ಕೆನ್ನೆ ಉಬ್ಬಿಕೊಂಡಿದೆ. ಪಕ್ಕದಲ್ಲಿ ಅಕ್ಕ ಮಾತ್ರ, ಏನಾಗಿತ್ತೋ ಏನೋ, ನಗುತ್ತಿದ್ದಾಳೆ. ಅದಕ್ಕಾಗಿ ಹೊರಗೆ ಬಂದಮೇಲೆ ಅಪ್ಪನ ಕೈಯಿಂದ ಬೈಸಿಕೊಂಡಳು.

ನನ್ನ ವಯಸ್ಸಿನವರಿಗೆಲ್ಲ ಕ್ಯಾಮೆರಾ ಹೀಗೆಯೇ ಪರಿಚಯವಾದದ್ದು. ಅದು ದುಬಾರಿ, ಅಪರೂಪ, ಅದರೆದುರು ತಪ್ಪು ಮಾಡಬಾರದು. ಎಸ್ಸೆಸ್ಸೆಲ್ಸಿ ಅರ್ಜಿಗೆ ಒಮ್ಮೆ, ನೌಕರಿಗೆ ಒಮ್ಮೆ, ಮದುವೆಯಲ್ಲಿ ಒಮ್ಮೆ. ಹೀಗೆ ಬದುಕಿನ ದೊಡ್ಡ ದೊಡ್ಡ ಮೆಟ್ಟಿಲ ಮೇಲೆ ಮಾತ್ರ ಅದು ಕಾಣುತ್ತಿತ್ತು. ನಮ್ಮ ಮೊಮ್ಮಕ್ಕಳು ನಡೆಯುವ ಮೊದಲೇ ಕ್ಯಾಮೆರಾ ಕಡೆ ನೋಡಿ ನಗುತ್ತವೆ. ನಾವು ಉಸಿರು ಹಿಡಿದದ್ದು ಇನ್ನೂ ಬಿಟ್ಟಿಲ್ಲ.

ವಿಚಿತ್ರವೆಂದರೆ ಇಂಥ ನಾನು ಬದುಕಲು ಬಂದದ್ದು ಕ್ಯಾಮೆರಾದ ಊರಿಗೇ. 1982, ಗಿರಣಿ ಕಾರ್ಮಿಕರ ಮುಷ್ಕರ ಶುರುವಾದ ವರ್ಷ. ಕರ್ನಾಟಕ ವಿಶ್ವವಿದ್ಯಾಲಯದ ಎಂ.ಕಾಂ. ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟುಕೊಂಡು, ಮೀರಜ್‌ನಲ್ಲಿ ಗಾಡಿ ಬದಲಿಸಿ, ಬ್ಯಾಂಕಿನ ಗುಮಾಸ್ತನಾಗಿ ಮುಂಬಯಿಗೆ ಬಂದಿಳಿದೆ. ಆಮೇಲೆ ಅಧಿಕಾರಿಯಾಗಿ, ಈ ಶಾಖೆ ಆ ಶಾಖೆ ಸುತ್ತಿ, 2019ರಲ್ಲಿ ನಿವೃತ್ತನಾಗುವ ತನಕ ಈ ಮಹಾನಗರ ನನ್ನನ್ನು ಸಾಕಿತು. ಇಲ್ಲಿ ರಸ್ತೆಯಲ್ಲಿ ಶೂಟಿಂಗ್ ನಡೆದರೆ ಜನ ಒಂದು ಕ್ಷಣ ನೋಡಿ, ಲೋಕಲ್ ಗಾಡಿ ತಪ್ಪೀತೆಂದು ಮುಂದೆ ಹೋಗಿಬಿಡುತ್ತಾರೆ.

ಒಂದು ಭಾನುವಾರ ಫೋರ್ಟ್ ಭಾಗದಲ್ಲಿ ಅಂಥದೊಂದು ಶೂಟಿಂಗಿಗೆ ನಾನೂ ಸಿಕ್ಕಿಬಿದ್ದೆ. ಲೆಕ್ಕ ಮುಗಿಸಲು ಶಾಖೆಗೆ ಬಂದವನನ್ನು ಒಬ್ಬ ಸಹಾಯಕ ಹುಡುಗ ತಡೆದು, "ಸರ್, ನೀವು ಈ ಕಡೆಯಿಂದ ಆ ಕಡೆಗೆ ನಡೆದುಕೊಂಡು ಹೋಗಿ, ಅಷ್ಟೇ" ಎಂದ. ದಿನವೂ ನಡೆಯುವ ಫುಟ್‌ಪಾತು ಅದು. ಆದರೆ ಅವನು 'ಆ್ಯಕ್ಷನ್' ಎಂದೊಡನೆ ನನಗೆ ನಡೆಯುವುದು ಹೇಗೆಂಬುದೇ ಮರೆತುಹೋಯಿತು. ಬಲಗಾಲಿನ ಜೊತೆ ಬಲಗೈಯೂ ಮುಂದೆ ಹೋಗತೊಡಗಿತು. ಮೂರು ಸಲ ನಡೆಸಿ ನೋಡಿ, ಹುಡುಗ ಬಹಳ ಮರ್ಯಾದೆಯಿಂದ, "ಸರ್, ನೀವು ಕೂತುಕೊಳ್ಳಿ" ಎಂದ.

ಹಾಗಂತ ನಾನು ಜನರಿಗೆ ಅಂಜುವ ಮನುಷ್ಯನಲ್ಲ. ಸಂಬಳದ ದಿನ ಕೌಂಟರ್ ಎದುರು ನೂರು ಜನ ನಿಂತು ಬೊಬ್ಬೆ ಹಾಕಿದರೂ ಹೆದರಿದವನಲ್ಲ. ಸಾಲ ವಸೂಲಿಗೆ ಹೋಗಿ ಮರಾಠಿಯಲ್ಲಿ ಜಗಳಾಡಿ ಬಂದಿದ್ದೇನೆ. ಶಾಖೆಯಲ್ಲಿ ತಲೆಯ ಮೇಲೆ ಸಿಸಿಟಿವಿ ಇತ್ತಲ್ಲ, ಅದು ವರ್ಷಗಟ್ಟಲೆ ನನ್ನನ್ನು ನೋಡಿತು. ನಾನು ಅದರ ಕೆಳಗೇ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ ತಿಂದೆ. ಯಾಕೆಂದರೆ ನಾನು ಅದರ ಜೊತೆ ಮಾತಾಡಬೇಕಿರಲಿಲ್ಲ. ಮಾತಾಡುತ್ತಿದ್ದುದು ಎದುರಿಗಿದ್ದ ಮನುಷ್ಯನ ಜೊತೆ. ಇದರಲ್ಲೇ ಉತ್ತರ ಇತ್ತು. ಆದರೆ ಅದು ಹೊಳೆಯಲು ನನಗೆ ಅರವತ್ತೈದು ವರ್ಷ ತುಂಬಬೇಕಾಯಿತು, ಗೆಳೆಯರೊಬ್ಬರ ಮನೆ ಮುಳುಗಬೇಕಾಯಿತು.

ಅವರೂ ನಮ್ಮ ಕಡೆಯವರೇ, ವಿಜಯಪುರ ಜಿಲ್ಲೆಯವರು. ಬೇರೊಂದು ಕಚೇರಿಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನಾನು ಹಿಂದಿನ ಸಾಲು ಹುಡುಕಿದರೆ ಅವರು ಮೈಕು ಹುಡುಕುತ್ತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಎಂದರು.

2024ರ ಆಗಸ್ಟ್‌ನಲ್ಲಿ ಅವರಿಗೊಂದು ಫೋನು ಬಂತು. ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಅಂತ. ಕರೆ ಅಲ್ಲಿಂದ 'ಪೊಲೀಸ'ನಿಗೆ ಹೋಯಿತು, ವಿಡಿಯೋ ಆಯಿತು. ಖಾಕಿ ಬಟ್ಟೆ, ಹಿಂದೆ ಧ್ವಜ, ಗೋಡೆಯ ಮೇಲೆ ಲಾಂಛನ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ, ಯಾರ ಜೊತೆಯೂ ಮಾತಾಡುವಂತಿಲ್ಲ ಎಂದು ಅಪ್ಪಣೆಯಾಯಿತು. ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು, ಮನೆಯಲ್ಲಿ ಇವರೊಬ್ಬರೇ. ಒಂದು ಹಗಲು, ಒಂದು ರಾತ್ರಿ ಫೋನಿನ ಮುಂದೆ ಕೂತಿದ್ದರು. ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳಿದರು. ಮರುದಿನ ಫೋನನ್ನು ಅಂಗಿಯ ಜೇಬಿನಲ್ಲಿ ಚಾಲೂ ಇಟ್ಟುಕೊಂಡೇ ಬ್ಯಾಂಕಿಗೆ ಹೋಗಿ, 'ಪರಿಶೀಲನೆ'ಗೆಂದು ಅವರು ಹೇಳಿದ ಖಾತೆಗೆ ಹಣ ಕಳಿಸಿದರು. ನಿವೃತ್ತಿಯಲ್ಲಿ ಬಂದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಸುದ್ದಿ ತಿಳಿದು ಹೋದಾಗ ನಾನು ಬ್ಯಾಂಕಿನವನ ಬುದ್ಧಿ ಬಿಡದೆ ಕೇಳಿದೆ: "ಅಲ್ರೀ, ಫೋನು ಕಟ್ ಮಾಡಬೇಕಿತ್ತಲ್ಲ? ನನಗೊಂದು ಮಾತು ಹೇಳಬೇಕಿತ್ತಲ್ಲ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಅವ ನನ್ನ ನೋಡಾಕತ್ತಿದ್ದಾರೀ. ಅವಾ ಅಷ್ಟ ಆರಾಮ ಕೂತಿದ್ದ, ನಾ ನಡಗಾಕತ್ತಿದ್ದೆ. ಆರಾಮ ಇದ್ದಾವ ಖರೇ, ನಡಗಾವ ಕಳ್ಳ ಅಂತ ನನಗ ನಾನ ಅನಿಸಿಬಿಡ್ತು."

ಈ ಮಾತು ನನ್ನ ನಿದ್ದೆ ಕೆಡಿಸಿತು. ಎಷ್ಟು ನಿಜ! ಕ್ಯಾಮೆರಾದಲ್ಲಿ ಯಾರು ತಡವರಿಸದೆ ಮಾತಾಡುತ್ತಾರೋ ಅವರೇ ಸರಿ ಎಂದು ನಾವು ನಂಬಿಬಿಟ್ಟಿದ್ದೇವೆ. ಮೋಸಗಾರನಿಗೆ ಅದು ದಿನದ ದುಡಿಮೆ. ಅದೇ ನಾಟಕವನ್ನು ನೂರು ಜನರ ಮುಂದೆ ಆಡಿದ್ದಾನೆ. ಅವನ ಧೈರ್ಯ ಅಭ್ಯಾಸದ್ದು, ಸತ್ಯದ್ದಲ್ಲ. ನಮ್ಮ ನಡುಕವೂ ಅಷ್ಟೇ, ತಪ್ಪಿನದಲ್ಲ, ಅಭ್ಯಾಸ ಇಲ್ಲದ್ದು. ಇಷ್ಟನ್ನು ಯಾರಾದರೂ ನಮ್ಮವರಿಗೆ ಕನ್ನಡದಲ್ಲಿ ಹೇಳಬೇಕಲ್ಲ ಎಂದು ಸಂಘದ ಸಭೆಯಲ್ಲಿ ಬಾಯಿ ತಪ್ಪಿ ಅಂದೆ. ಕಾರ್ಯದರ್ಶಿಗಳು ತಕ್ಷಣ, "ಸರ್, ನೀವೇ ಬ್ಯಾಂಕಿನವರು. ಹತ್ತು ನಿಮಿಷದ ವಿಡಿಯೋ ಮಾಡಿಕೊಡಿ, ಎಲ್ಲ ಹಿರಿಯರಿಗೂ ಕಳಿಸೋಣ" ಎಂದುಬಿಟ್ಟರು. ಆಡಿದವನೇ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ.

ಮನೆಗೆ ಬಂದು ನಾಲ್ಕು ಪುಟ ಬರೆದೆ, ಬಾಯಿಪಾಠ ಮಾಡಿದೆ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಕೂತೆ. ಮೊದಲ ಸಲ, "ಸಮಸ್ತ ಕನ್ನಡ ಬಾಂಧವರೇ" ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ಎರಡನೇ ಸಲ ಎರಡನೇ ಪುಟ ಮರೆತೆ. ಮೂರನೇ ಸಲ ಕೆಳಗೆ ಭಾಜಿಯವ ಕೂಗಿದ. ನಾಲ್ಕನೆಯದು ಪೂರ್ತಿಯಾಯಿತು, ನೋಡಿದರೆ ನನಗೇ ಭಯವಾಯಿತು. ಕೆಳಗಿನಿಂದ ತೆಗೆದದ್ದರಿಂದ ಮೂಗಿನ ಹೊಳ್ಳೆ ಎರಡು ಗುಹೆಗಳಂತೆ ಕಾಣುತ್ತಿದ್ದವು. ಹಿಂದೆ ಕಿಟಕಿ ಇದ್ದುದರಿಂದ ಮುಖ ಕಪ್ಪು. ದನಿ ನನ್ನದೇ ಅಲ್ಲ, ಯಾರೋ ನೆಗಡಿಯಾದವರದು. ಆ ಕನ್ನಡವಂತೂ! 'ವಂಚಕರು ವಿವಿಧ ತಂತ್ರಗಳನ್ನು ಅನುಸರಿಸುತ್ತಿರುವುದು ಗಮನಾರ್ಹವಾಗಿರುತ್ತದೆ' ಎಂದು ಬ್ಯಾಂಕಿನ ಸುತ್ತೋಲೆ ಓದಿದಂತೆ ಒದರಿದ್ದೆ. ನಾನು ಜನ್ಮದಲ್ಲಿ ಹಾಗೆ ಮಾತಾಡಿದವನಲ್ಲ.

ಊರಿನಲ್ಲಿರುವ ನಿಮಗೆ ಇಲ್ಲಿ ಒಂದು ಮಾತು ನಿಜ ಹೇಳಿಬಿಡುತ್ತೇನೆ. ಹೊರನಾಡಿನಲ್ಲಿ ನಲವತ್ತು ವರ್ಷ ಇದ್ದವನಿಗೆ ಕನ್ನಡ ಮಾತಾಡುವಾಗ ಒಂದು ಅಳುಕು ಇರುತ್ತದೆ. ಮನೆಯಲ್ಲಿ ಕನ್ನಡ ಇದೆ, ಸಂಘದಲ್ಲಿ ಇದೆ. ಆದರೆ ತರಕಾರಿ ಮರಾಠಿಯಲ್ಲಿ, ರಿಕ್ಷಾ ಹಿಂದಿಯಲ್ಲಿ, ಲೆಕ್ಕ ಇಂಗ್ಲಿಷಿನಲ್ಲಿ. ಮಾತಿನ ನಡುವೆ 'ಬರೋಬರ್' ಬರುತ್ತದೆ, 'ಮಗ' ಎಂದು ಮರಾಠಿಯ 'ಆಮೇಲೆ' ನುಸುಳುತ್ತದೆ. ಊರಿಗೆ ಹೋದಾಗ ಅಂಗಡಿಯವನು, "ಸಾಹೇಬ್ರು ಮುಂಬೈದವರೇನ್ರಿ?" ಎಂದು ಕೇಳಿದರೆ ಎಲ್ಲೋ ಚುಚ್ಚುತ್ತದೆ. ವಿಡಿಯೋ ಎಂದರೆ ಊರಿನವರೂ ನೋಡುತ್ತಾರೆ. 'ನೋಡ್ರಿ, ಕನ್ನಡಾನ ಮರತಾನ' ಎಂದುಕೊಂಡರೆ? ಆ ಅಂಜಿಕೆಗೇ ನಾನು ಮೈಮೇಲೆ ಪುಸ್ತಕದ ಕನ್ನಡ ಹೊದ್ದುಕೊಂಡದ್ದು. ಕ್ಯಾಮೆರಾ ಬರಿಯ ನೆಪ. ನನ್ನ ಭಯ ನಿಮ್ಮದಾಗಿತ್ತು.

ನಮ್ಮ ಸೊಸೈಟಿಯಲ್ಲೇ ಲಗ್ನದ ವಿಡಿಯೋ ತೆಗೆಯುವ ಒಬ್ಬ ಮರಾಠಿ ಹುಡುಗ ಇದ್ದಾನೆ. ಅವನನ್ನು ಕರೆದೆ. ಚಹಾ ಕುಡಿಯುತ್ತ ನನ್ನ ನಾಲ್ಕನೇ ವಿಡಿಯೋ ನೋಡಿದ. ಕನ್ನಡದ ಒಂದಕ್ಷರ ತಿಳಿಯದು ಅವನಿಗೆ. ನೋಡಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ: "ಕಾಕಾ, ನೀವು ಮಾತಾಡುತ್ತಿರುವುದು ಯಾರ ಜೊತೆ?"

"ಎಲ್ಲರ ಜೊತೆ" ಎಂದೆ.

"ಅದಕ್ಕೇ ಯಾರ ಜೊತೆಯೂ ಅಲ್ಲ ಅನ್ನಿಸುತ್ತದೆ. ಒಬ್ಬರನ್ನು ಕೂರಿಸಿಕೊಳ್ಳಿ."

ಆಮೇಲೆ ಅವನು ಹೇಳಿಕೊಟ್ಟದ್ದೆಲ್ಲ ಸಣ್ಣಪುಟ್ಟ ಸಂಗತಿ. ನನ್ನಂಥವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಕಿಟಕಿ ಬೆನ್ನ ಹಿಂದೆ ಇರಬಾರದು, ಮುಖದ ಎದುರಿಗಿರಬೇಕು. ಫೋನು ಕಣ್ಣಿನ ಎತ್ತರಕ್ಕೆ ಬರಬೇಕು. ನನ್ನ ಹಳೆಯ ಬ್ಯಾಂಕಿಂಗ್ ಪರೀಕ್ಷೆಯ ಪುಸ್ತಕಗಳು ಕೊನೆಗೂ ಹೀಗೆ ಕೆಲಸಕ್ಕೆ ಬಂದವು. ನಾನು ತೆರೆಯ ಮೇಲಿನ ನನ್ನ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದೆ. ಹಾಗೆ ಮಾಡಿದರೆ ನೋಡುವವರಿಗೆ ನಾವು ಕಣ್ಣು ತಪ್ಪಿಸುತ್ತಿದ್ದೇವೆ ಎನ್ನಿಸುತ್ತದೆ. ನೋಡಬೇಕಾದದ್ದು ಫೋನಿನ ಮೇಲಂಚಿನ ಆ ಸಣ್ಣ ಕಪ್ಪು ಚುಕ್ಕೆಯನ್ನು. ನನ್ನ ಮುಖ ನನಗೆ ಕಾಣಿಸದಂತೆ ತೆರೆಯ ಮೇಲೆ ಅವನು ಒಂದು ಚೀಟಿ ಅಂಟಿಸಿದ. ಬರೆದ ನಾಲ್ಕು ಪುಟ ತೆಗೆದಿಡಿಸಿ, ಹೇಳಬೇಕಾದ ಮೂರೇ ವಿಷಯ ಚೀಟಿಯ ಮೇಲೆ ಬರೆಸಿದ. ಗುಂಡಿ ಒತ್ತಿದೊಡನೆ ಶುರು ಮಾಡದೆ ಒಮ್ಮೆ ಉಸಿರನ್ನು ಪೂರ್ತಿ ಹೊರಗೆ ಬಿಡಲು ಹೇಳಿದ. ಒಳಗೆ ಎಳೆದುಕೊಳ್ಳುವುದಲ್ಲ, ಬಿಡುವುದು. ಐವತ್ತು ವರ್ಷದ ಹಿಂದೆ ಸ್ಟುಡಿಯೋದವ ಹಿಡಿಸಿದ್ದ ಉಸಿರು ಅದು ಎಂದು ನನಗೆ ಒಳಗೊಳಗೇ ನಗು ಬಂತು.

ನನ್ನ ದನಿ, ಮುಖ ಎರಡೂ ನನ್ನವಲ್ಲ ಎನ್ನಿಸುತ್ತದಲ್ಲ ಎಂದು ಕೇಳಿದೆ. ಅದಕ್ಕೂ ಕಾರಣ ಇದೆ. ನಮ್ಮ ದನಿ ನಮಗೆ ಗಾಳಿಯಿಂದಲೂ ಕೇಳುತ್ತದೆ, ತಲೆಯ ಎಲುಬಿನ ಮೂಲಕ ಒಳಗಿನಿಂದಲೂ ಕೇಳುತ್ತದೆ. ಹಾಗಾಗಿ ತುಸು ಗಡುಸಾಗಿ ಕೇಳುತ್ತದೆ. ರೆಕಾರ್ಡಿನಲ್ಲಿ ಒಳಗಿನದು ಇಲ್ಲ. ಮುಖವೂ ಹಾಗೆಯೇ: ನಾವು ಜೀವನವಿಡೀ ನೋಡಿದ್ದು ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖ. ವಿಡಿಯೋದಲ್ಲಿ ಕಾಣುವುದೇ ಲೋಕಕ್ಕೆ ಕಾಣುವ ಮುಖ. ಉಳಿದವರು ಇದೇ ದನಿ, ಇದೇ ಮುಖವನ್ನು ಅರವತ್ತು ವರ್ಷದಿಂದ ಸಹಿಸಿಕೊಂಡಿದ್ದಾರೆ. ನನಗೊಬ್ಬನಿಗೇ ಅದು ಹೊಸದು. ಇದು ಗೊತ್ತಾದಮೇಲೆ ಅರ್ಧ ನಾಚಿಕೆ ಹೋಯಿತು.

ಇನ್ನು ಯಾರನ್ನು ಕೂರಿಸಿಕೊಳ್ಳುವುದು? ಗೋಡೆಯ ಮೇಲಿದ್ದ ಹಳೆಯ ಫೋಟೋ ನೆನಪಾಯಿತು. ನಗುತ್ತಿದ್ದ ಅಕ್ಕ. ಈಗ ಅವಳಿಗೆ ಎಪ್ಪತ್ತೊಂದು. ಭಾವ ಹೋದಮೇಲೆ ಊರಲ್ಲಿ ಒಬ್ಬಳೇ ಇದ್ದಾಳೆ. ಮಗ ಕೊಡಿಸಿದ ದೊಡ್ಡ ಫೋನು ಇದೆ, ಅಂಚೆ ಕಚೇರಿಯಲ್ಲಿ ಅಷ್ಟಿಷ್ಟು ದುಡ್ಡಿದೆ. ನಾಳೆ ಅವಳಿಗೇ ಅಂಥ ಫೋನು ಬಂದರೆ? ಅವಳ ಸಣ್ಣ ಫೋಟೋ ಒಂದನ್ನು ಫೋನಿನ ಆ ಕಪ್ಪು ಚುಕ್ಕೆಯ ಪಕ್ಕಕ್ಕೆ ಅಂಟಿಸಿದೆ. ಉಸಿರು ಬಿಟ್ಟೆ.

"ಅಕ್ಕಾ, ಇಲ್ಲಿ ಕೇಳು" ಎಂದು ಬಾಯಿ ತೆರೆದೆ. ಆಮೇಲೆ ಮಾತು ತಾನೇ ಬಂತು. "ಒಬ್ಬಾಂವ ಖಾಕಿ ಅಂಗಿ ಹಾಕ್ಕೊಂಡು ಫೋನ್‌ನ್ಯಾಗ ಬರ್ತಾನ. ನಿನ್ನ ಅರೆಸ್ಟ್ ಮಾಡೀನಿ ಅಂತಾನ. ನಮ್ಮ ಕಾನೂನಿನ್ಯಾಗ ಫೋನ್‌ನ್ಯಾಗ ಅರೆಸ್ಟ್ ಮಾಡೋದು ಅಂತ ಇಲ್ಲವಾ. ಪೊಲೀಸ್ರಾಗಲಿ, ಸಿಬಿಐದವರಾಗಲಿ, ಕೋರ್ಟಾಗಲಿ, ರಿಸರ್ವ್ ಬ್ಯಾಂಕಾಗಲಿ ವಿಡಿಯೋದಾಗ ರೊಕ್ಕ ಕೇಳೂದಿಲ್ಲ. ನಿನಗ ಕೈಕಾಲು ನಡಗ್ತಾವ. ನಡಗ್ಲಿ. ನಡಗಿದ್ರ ನೀ ಕಳ್ಳಿ ಅಲ್ಲ. ಫೋನ್ ಬೋರಲ ಹಾಕು. ಎದ್ದು ಒಳಗ ಹೋಗು, ನೀರು ಕುಡಿ. ಆಮೇಲ ಮಗಗ ಫೋನ್ ಮಾಡು, ಇಲ್ಲಾ ನನಗ ಮಾಡು. ರೊಕ್ಕ ಹೋಗೇಬಿಟ್ಟಿದ್ರ ತಡಾ ಮಾಡಬ್ಯಾಡ, ಒಂದ ಒಂಬತ್ತ ಮೂರ ಸೊನ್ನಿ ಒತ್ತು, ಬ್ಯಾಂಕಿಗೂ ಹೇಳು. ಎಷ್ಟು ಲಗೂ ಹೇಳ್ತಿ, ಅಷ್ಟು ರೊಕ್ಕ ತಡೆಯಾಕ ಬರ್ತದ."

ಹತ್ತು ನಿಮಿಷ ಬೇಕಾಗಲಿಲ್ಲ, ಆರರಲ್ಲಿ ಮುಗಿಯಿತು. ನಡುವೆ ಎರಡು ಸಲ 'ಬರೋಬರ್' ಬಂತು. ತೆಗೆಯಬೇಕೇ ಎಂದು ಹುಡುಗ ಕೇಳಿದ. ಇರಲಿ ಎಂದೆ. ಭಾಜಿಯವನ ಕೂಗೂ ಇತ್ತು, ಅದೂ ಇರಲಿ ಎಂದೆ. ನಾನು ಇರುವ ಊರು ಅದು.

ವಿಡಿಯೋ 2024ರ ದಸರೆಯ ಹೊತ್ತಿಗೆ ಸಂಘದವರ ಫೋನುಗಳಿಗೆ ಹೋಯಿತು, ಅಲ್ಲಿಂದ ಊರುಗಳಿಗೂ ಹೋಯಿತು. ಅದೇ ಅಕ್ಟೋಬರ್ 27ರಂದು ಪ್ರಧಾನಿಗಳೂ ತಮ್ಮ ಆಕಾಶವಾಣಿ ಭಾಷಣದಲ್ಲಿ ಡಿಜಿಟಲ್ ಅರೆಸ್ಟಿನ ಬಗ್ಗೆ ಎಚ್ಚರಿಸಿ, ನಿಲ್ಲಿ, ಯೋಚಿಸಿ, ಆಮೇಲೆ ಹೆಜ್ಜೆ ಇಡಿ ಎಂದರು. ಅಕ್ಕನ ಅಭಿಪ್ರಾಯ ಮಾತ್ರ ಬೇರೆ: "ಚಲೋ ಹೇಳೀಯೋ ತಮ್ಮಾ. ಆದ್ರ ಯಾಕ ಅಷ್ಟು ಸೊರಗೀ? ಅಲ್ಲಿ ಊಟಕ್ಕ ಏನ್ ಹಾಕ್ತಾಳ ಆಕಿ?" ನನ್ನ ಕನ್ನಡದ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದ ಪರೀಕ್ಷೆಗೆ ಪರೀಕ್ಷಕರೇ ಇರಲಿಲ್ಲ.

ಗೆಳೆಯರು ಮಾತ್ರ ವಿಡಿಯೋ ನೋಡಲಿಲ್ಲ. ನೋಡಲು ಆಗಲಿಲ್ಲ. ಆ ಘಟನೆಯ ನಂತರ ಅವರು ತಮ್ಮ ಫೋನಿನ ಎರಡೂ ಕ್ಯಾಮೆರಾಗಳ ಮೇಲೆ ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಅಂಟಿಸಿಬಿಟ್ಟಿದ್ದರು. ಮಗಳು ದೂರದಿಂದ ಮೊಮ್ಮಗುವನ್ನು ತೋರಿಸಲು ವಿಡಿಯೋ ಕರೆ ಮಾಡಿದರೂ ಇವರ ಕಡೆಯಿಂದ ಬರಿ ಕತ್ತಲೆ. ಸಂಘಕ್ಕೆ ಬಂದರೂ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ಪೊಲೀಸರಿಗೆ ದೂರು ಕೊಟ್ಟಾಗಿತ್ತು, ಒಂದಿಷ್ಟು ಹಣ ಬ್ಯಾಂಕಿನಲ್ಲಿ ತಡೆಯಲ್ಪಟ್ಟಿತ್ತು. ಉಳಿದದ್ದು ಹೋಯಿತು. ಹಣಕ್ಕಿಂತ ಹೆಚ್ಚಿನದೇನೋ ಹೋಗಿತ್ತು.

2024ರ ನವೆಂಬರ್‌ನಲ್ಲಿ ಅವರು ಜೀವನ ಪ್ರಮಾಣಪತ್ರ ಕೊಡಲು ಬ್ಯಾಂಕಿಗೇ ಹೋಗಿ ಬಂದರು. ಅದನ್ನು ಕೇಳಿದಾಗ ನನಗೆ ನನ್ನ ನೌಕರಿಯ ದಿನಗಳ ಒಬ್ಬ ಅಜ್ಜ ನೆನಪಾದ. ಪ್ರತಿ ನವೆಂಬರ್‌ನಲ್ಲೂ ಕೋಟು ಟೋಪಿ ಹಾಕಿಕೊಂಡು ಬಂದು ನನ್ನ ಮೇಜಿನ ಮುಂದೆ ಸಿಪಾಯಿಯಂತೆ ನಿಲ್ಲುತ್ತಿದ್ದ. 'ಬಸಾ ಆಜೋಬಾ' ಎಂದರೂ ಕೂರುತ್ತಿರಲಿಲ್ಲ. ನಾನು ತಲೆಯೆತ್ತಿ ನೋಡಿ ಸಹಿ ಹಾಕುವ ತನಕ ಹಾಗೇ ನಿಂತಿರುತ್ತಿದ್ದ. ಆಗ ನನಗದು ತಮಾಷೆಯಾಗಿ ಕಂಡಿತ್ತು. ಒಬ್ಬ ಮನುಷ್ಯ ಇನ್ನೊಬ್ಬನ ಕಣ್ಣಿನಲ್ಲಿ 'ನಾನಿದ್ದೇನೆ' ಎಂಬುದನ್ನು ನೋಡಿಕೊಳ್ಳುವ ಆಸೆ ಅದು ಎಂದು ಈಗ ಅರ್ಥವಾಗುತ್ತದೆ.

2025ರ ನವೆಂಬರ್‌ನಲ್ಲಿ ಗೆಳೆಯರಿಗೆ ಮೊಣಕಾಲು ನೋವು ಜೋರಾಗಿತ್ತು. ಅವರ ಶಾಖೆ ಇರುವುದು ಠಾಣೆಯಲ್ಲಿ. ಲೋಕಲ್ ಗಾಡಿ ಹತ್ತುವಂತಿರಲಿಲ್ಲ. ಒಂದು ಬೆಳಿಗ್ಗೆ ರಿಕ್ಷಾದಲ್ಲಿ ನಮ್ಮ ಮನೆಗೆ ಬಂದರು. "ನಿಮ್ಮ ಫೋನಿನ್ಯಾಗ ಮಾಡೂಣೇನ್ರಿ?" ಎಂದರು. ಕಿಟಕಿಯ ಎದುರಿಗೆ ಕುರ್ಚಿ ಹಾಕಿದೆ. ಹೆಂಡತಿ ಚಹಾ ತಂದಿಟ್ಟಳು. ಆಧಾರ್ ಸಂಖ್ಯೆ, ಪಿಂಚಣಿ ಸಂಖ್ಯೆ ಎಲ್ಲ ತುಂಬಿ ಫೋನು ಎತ್ತಿ ಹಿಡಿದೆ. ಅವರ ಕೈ ನಡುಗತೊಡಗಿತು. ಮುಖ ಹಿಂದೆ ಸರಿಯಿತು. ತೆರೆಯ ಮೇಲೆ ಖಾಲಿ ಗೋಡೆ.

ಫೋನು ಕೆಳಗಿಟ್ಟೆ. ನನಗೆ ಕಲಿಸಿದ ಹುಡುಗನ ಪಾಠ ಎಲ್ಲವನ್ನೂ ಒಂದೇ ಸಲ ಹೇಳಿಬಿಡಬೇಕೆನಿಸಿತು, ಹೇಳಲಿಲ್ಲ. ಚಹಾ ಕುಡಿದೆವು. ಆಮೇಲೆ ಫೋನನ್ನು ನನ್ನ ಕಿವಿಯ ಪಕ್ಕಕ್ಕೇ ಹಿಡಿದು ಹೇಳಿದೆ: "ಇದನ್ನ ನೋಡಬ್ಯಾಡ್ರಿ. ನನ್ನ ನೋಡ್ರಿ. ಏಳಬೇಕನಿಸಿದ್ರ ಎದ್ದು ಹೋಗ್ರಿ, ಯಾರೂ ಏನೂ ಅನ್ನೂದಿಲ್ಲ."

ಅವರು ಎದ್ದರು. ನಿಜವಾಗಿಯೂ ಎದ್ದು ಅಡಿಗೆಮನೆಯ ಬಾಗಿಲ ತನಕ ಹೋಗಿ, ನಿಂತು, ವಾಪಸು ಬಂದು ಕೂತರು. ಎದ್ದು ಹೋಗಬಹುದು ಎಂಬುದನ್ನು ಪರೀಕ್ಷಿಸಿ ನೋಡಿದಂತಿತ್ತು. ಆಮೇಲೆ ನನ್ನ ಮುಖ ನೋಡಿದರು. ಇನ್ನೂ ತುಸು ನಡುಕ ಇತ್ತು.

"ಕಣ್ಣು ಮಿಟುಕಿಸಿ, ಅಷ್ಟೇ" ಎಂದೆ.

ಮಿಟುಕಿಸಿದರು. ಫೋನು ಒಪ್ಪಿತು. ಸ್ವಲ್ಪ ಹೊತ್ತಿಗೆ ಅವರ ಫೋನಿಗೆ ಪ್ರಮಾಣಪತ್ರದ ಸಂಖ್ಯೆಯೂ ಬಂತು. ಅದನ್ನು ಎರಡು ಸಲ ಓದಿಕೊಂಡು, ಜೇಬಿಗೆ ಹಾಕಲು ಹೋದವರು ಮತ್ತೆ ಹೊರಗೆ ತೆಗೆದರು. ಉಗುರಿನಿಂದ ಮುಂದಿನ ಕ್ಯಾಮೆರಾದ ಬಿಳಿ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದರು. ಅಂಟು ಒಣಗಿತ್ತು, ಬೇಗ ಬರಲಿಲ್ಲ.

"ಹಿಂದಿಂದು ಸದ್ಯಕ್ಕ ಇರ್ಲಿ" ಎಂದರು. ಆಮೇಲೆ ಮಗಳಿಗೆ ಫೋನು ಹಚ್ಚಿದರು.